ಗಾಳಿಯಲ್ಲೇ ನಿಂತು ಇಲಿ ಹುಡುಕುವ ಕಪ್ಪುರೆಕ್ಕೆ ಹದ್ದು: ಗುರುತಿಸೋದು ಹೇಗೆ, ಹೊಲದಲ್ಲಿ ಉಳಿಸಿಕೊಳ್ಳೋದು ಹೇಗೆ?

ರಾಗಿ ಕೊಯ್ದ ಹೊಲ, ಶೇಂಗಾ ಕಿತ್ತ ಹೊಲ, ಭತ್ತದ ಗದ್ದೆಯ ಕೂಳೆ. ಇಂಥ ಕಡೆ ಬೆಳಿಗ್ಗೆ ಏಳೆಂಟು ಗಂಟೆಗೋ ಸಂಜೆ ಐದರ ಮೇಲೋ ಆಕಾಶ ನೋಡಿ. ಕಾಗೆಗಿಂತ ಸ್ವಲ್ಪ ಚಿಕ್ಕದಾದ ಬೂದು-ಬಿಳಿ ಹಕ್ಕಿಯೊಂದು ಹಾರ್ತಾ ಹಾರ್ತಾ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮುಂದೆ ಹೋಗಲ್ಲ, ಹಿಂದೆ ಬರಲ್ಲ. ರೆಕ್ಕೆ ಬಡಿಯುತ್ತಾ ಒಂದೇ ಜಾಗದಲ್ಲಿ ನಿಂತು ನೆಲವನ್ನೇ ನೋಡುತ್ತದೆ. ಆಮೇಲೆ ಸ್ವಲ್ಪ ಕೆಳಗೆ ಇಳಿದು ಮತ್ತೆ ನಿಲ್ಲುತ್ತದೆ. ಕೊನೆಗೆ ಎರಡೂ ರೆಕ್ಕೆ ಮೇಲೆತ್ತಿ, ಕಾಲು ಕೆಳಗೆ ಬಿಟ್ಟು, ಕಲ್ಲು ಬಿದ್ದ ಹಾಗೆ ಹುಲ್ಲಿನೊಳಗೆ ಬೀಳುತ್ತದೆ.

ಇದೇ ಕಪ್ಪುರೆಕ್ಕೆ ಹದ್ದು. ರಾಮದಾಸ ಹದ್ದು ಅಂತಲೂ ಕರೀತಾರೆ. ವೈಜ್ಞಾನಿಕ ಹೆಸರು ಎಲಾನಸ್ ಸೆರುಲಿಯಸ್. ನಮ್ಮ ಹಳ್ಳಿಗಳಲ್ಲಿ ಬೇಟೆಯಾಡುವ ಹಕ್ಕಿಗಳನ್ನೆಲ್ಲ ಸೇರಿಸಿ ‘ಹದ್ದು’ ಅಂದುಬಿಡ್ತಾರೆ. ಕೋಳಿಮರಿ ಎತ್ತಿಕೊಂಡು ಹೋಗೋದೂ ಹದ್ದೇ, ಕಸದ ರಾಶಿ ಮೇಲೆ ಸುತ್ತೋದೂ ಹದ್ದೇ, ಇಲಿ ಹಿಡಿಯೋದೂ ಹದ್ದೇ. ಇದರಿಂದ ಒಂದು ಕಷ್ಟ ಇದೆ. ಒಬ್ಬನ ತಪ್ಪಿಗೆ ಇನ್ನೊಬ್ಬನಿಗೆ ಕವಣೆ ಕಲ್ಲು ಬೀಳುತ್ತದೆ. ನಮ್ಮ ಹೊಲಕ್ಕೆ ಕೂಲಿ ಕೇಳದೆ ದುಡಿಯುವ ಹಕ್ಕಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಅದನ್ನು ಉಳಿಸಿಕೊಳ್ಳೋದೂ ಆಗಲ್ಲ. ಅದಕ್ಕೇ ಈ ವಾರದ ಪಾಠ ಈ ಹಕ್ಕಿಯದು.

ಗುರುತಿಸುವ ಲಕ್ಷಣಗಳು

ಉದ್ದ ಸುಮಾರು 31ರಿಂದ 35 ಸೆಂಟಿಮೀಟರ್. ತೂಕ ಕಾಲು ಕೆ.ಜಿ. ಆಸುಪಾಸು. ಬೆನ್ನು ತಿಳಿ ಬೂದು. ಎದೆ, ಹೊಟ್ಟೆ, ಬಾಲದ ಕೆಳಭಾಗ ಬಿಳಿ. ಭುಜದ ಮೇಲೆ ಇದ್ದಿಲು ಬಳಿದಂಥ ಕಪ್ಪು ಪಟ್ಟೆ. ಕಣ್ಣು ಕೆಂಪು, ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಕಾಲು ಹಳದಿ. ಬಾಲ ಗಿಡ್ಡ, ತುದಿ ಹೆಚ್ಚುಕಡಿಮೆ ಚೌಕ. ಕರೆಂಟ್ ತಂತಿ ಮೇಲೆ ಕೂತಾಗ ಮಡಿಚಿದ ರೆಕ್ಕೆಯ ತುದಿ ಬಾಲಕ್ಕಿಂತ ಆಚೆ ಚಾಚಿರುತ್ತದೆ. ಕೂತಲ್ಲೇ ಆಗಾಗ ಬಾಲವನ್ನು ಮೇಲೆ-ಕೆಳಗೆ ಆಡಿಸುತ್ತದೆ. ಗಂಡು ಹೆಣ್ಣು ನೋಡೋಕೆ ಒಂದೇ ಥರ.

ಮರಿಹಕ್ಕಿ ಬೇರೆ ಥರ ಕಾಣುತ್ತದೆ. ಎದೆ ಮೇಲೆ ಮಾಸಲು ಕಂದು ಛಾಯೆ, ಬೆನ್ನಿನ ಗರಿಗಳ ಅಂಚು ಬಿಳಿಯಾಗಿ ಮೀನಿನ ಹುರುಪೆಯ ಹಾಗೆ. ಕಣ್ಣು ಇನ್ನೂ ಕೆಂಪಾಗಿರುವುದಿಲ್ಲ. ಬೇರೆ ಜಾತಿ ಅಂತ ತಪ್ಪು ತಿಳಿಯಬೇಡಿ. ಭುಜದ ಕಪ್ಪು ಪಟ್ಟೆ ಇದಕ್ಕೂ ಇರುತ್ತದೆ.

ಹೊಲದಲ್ಲಿ ಇದರ ಜೊತೆ ಗೊಂದಲ ಮಾಡಿಕೊಳ್ಳುವಂಥ ಹಕ್ಕಿಗಳು ಐದು.

1. ಮಾಮೂಲಿ ಕರಿ ಹದ್ದು: ದೊಡ್ಡದು, 60 ಸೆಂಟಿಮೀಟರ್ ಹತ್ತಿರ. ಮೈಯೆಲ್ಲ ಕಂದು. ಬಾಲದ ತುದಿ ಮಧ್ಯದಲ್ಲಿ ಒಳಕ್ಕೆ ಕತ್ತರಿಸಿದ ಹಾಗೆ ಕವಲು. ಪೇಟೆ, ಕಸದ ಗುಂಡಿ, ಮಾಂಸದಂಗಡಿ ಸುತ್ತ ಗುಂಪಾಗಿ ಇರುತ್ತದೆ.

2. ಗರುಡ: ತಲೆ ಮತ್ತು ಎದೆ ಬಿಳಿ, ಉಳಿದ ಮೈ ಇಟ್ಟಿಗೆ ಕೆಂಪು. ಕೆರೆ, ಹೊಳೆ, ಗದ್ದೆ ಬಯಲಿನ ಹತ್ತಿರ. ಮೀನು, ಏಡಿ, ಕಪ್ಪೆ ಇದರ ಊಟ.

3. ಶಿಕ್ರಾ: ನಮ್ಮ ಹಕ್ಕಿಗಿಂತ ತುಸು ಚಿಕ್ಕದು, ಬೆನ್ನು ಬೂದು, ಗಂಡಿನ ಕಣ್ಣು ಕೆಂಪು. ಗೊಂದಲ ಆಗೋದು ಇಲ್ಲೇ. ಆದರೆ ಶಿಕ್ರಾ ಎದೆ ಮೇಲೆ ಸಣ್ಣ ಸಣ್ಣ ಕಂದು ಅಡ್ಡಗೆರೆ ಇರುತ್ತದೆ, ಬಾಲ ಉದ್ದ, ಅದರ ಮೇಲೆ ಕಪ್ಪು ಪಟ್ಟಿಗಳು. ಭುಜದಲ್ಲಿ ಕಪ್ಪು ಇಲ್ಲ. ಗಾಳಿಯಲ್ಲಿ ನಿಲ್ಲೋದಿಲ್ಲ. ತೋಟದ ಮರದೊಳಗೆ ಅವಿತು ಕೂತು ಸಟ್ಟನೆ ನುಗ್ಗುತ್ತದೆ. ಚಿಕ್ಕ ಕೋಳಿಮರಿ ಹಿಡಿಯುವ ಆರೋಪ ಬಹಳ ಸಲ ಇದರದ್ದು, ಇಲ್ಲವೇ ಕರಿ ಹದ್ದಿನದು.

4. ಹ್ಯಾರಿಯರ್: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬಯಲುಸೀಮೆಗೆ ಬರುವ ವಲಸೆ ಹಕ್ಕಿ. ಗಂಡು ಬೂದು ಬಣ್ಣ, ರೆಕ್ಕೆಯ ತುದಿ ಕಪ್ಪು. ಆದರೆ ರೆಕ್ಕೆ, ಬಾಲ ಎರಡೂ ಉದ್ದ. ಪೈರಿನ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಹೋಗುತ್ತದೆ. ರಾತ್ರಿ ಮಲಗೋದು ನೆಲದ ಮೇಲಿನ ಹುಲ್ಲಿನಲ್ಲಿ.

5. ಕೆಸ್ಟ್ರೆಲ್: ಚಳಿಗಾಲದಲ್ಲಿ ಕಾಣುವ ಸಣ್ಣ ಚಾಣ. ಇದೂ ಗಾಳಿಯಲ್ಲಿ ನಿಲ್ಲುತ್ತದೆ. ಆದರೆ ಬೆನ್ನು ಇಟ್ಟಿಗೆ ಕಂದು, ಮೇಲೆ ಕಪ್ಪು ಚುಕ್ಕೆ.

ನೆನಪಿಟ್ಟುಕೊಳ್ಳೋಕೆ ಸುಲಭ ಸೂತ್ರ: ಮೈ ಬಿಳಿ-ಬೂದು, ಭುಜ ಕಪ್ಪು, ಗಾಳಿಯಲ್ಲಿ ನಿಲ್ಲುತ್ತದೆ. ಮೂರೂ ಸೇರಿದರೆ ಅನುಮಾನ ಬೇಡ.

ಫೋನಿನಲ್ಲಿ ಗುರುತಿಸುವ ಕ್ರಮ

ಫೋನಿನ ಕ್ಯಾಮೆರಾದಲ್ಲಿ ದೂರದ ಹಕ್ಕಿ ಚುಕ್ಕೆಯಷ್ಟೇ ಕಾಣುತ್ತದೆ, ನಿಜ. ಫೋಟೋ ಬದಲು ವಿಡಿಯೋ ತೆಗೀರಿ. ಗಾಳಿಯಲ್ಲಿ ನಿಂತಿದ್ದನ್ನು ಹತ್ತು ಸೆಕೆಂಡ್ ತೆಗೆದರೂ ಸಾಕು, ಹಾರುವ ರೀತಿಯೇ ಅರ್ಧ ಗುರುತು. ಕೂತಿದ್ದರೆ ಬಿಸಿಲು ನಿಮ್ಮ ಬೆನ್ನಿಗೆ ಇರೋ ಹಾಗೆ ನಿಂತು ತೆಗೀರಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಬೈಕ್ ಅಥವಾ ಟ್ರ್ಯಾಕ್ಟರ್ ಮೇಲೆ ಕೂತೇ ನೋಡಿದರೆ ಇದು ಬೇಗ ಹಾರಲ್ಲ, ನಡೆದು ಹತ್ತಿರ ಹೋದರೆ ಹಾರಿಬಿಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ ಆ್ಯಪ್ ಉಚಿತ. ಫೋಟೋ ಹಾಕಿದರೆ ಹೆಸರು ಸೂಚಿಸುತ್ತದೆ. ಆದರೆ ಆ್ಯಪ್ ಹೇಳಿದ್ದನ್ನು ಮೇಲಿನ ಮೂರು ಗುರುತಿನ ಜೊತೆ ಹೋಲಿಸಿ ನೋಡಿ. ನೋಡಿದ್ದನ್ನು ‘ಇ-ಬರ್ಡ್’ನಲ್ಲಿ ದಾಖಲಿಸಿದರೆ ಇನ್ನೂ ಒಳ್ಳೇದು. ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ತಯಾರಾಗೋದು ಇಂಥ ಸಾಮಾನ್ಯ ಜನರ ದಾಖಲೆಗಳಿಂದಲೇ. 2023ರ ವರದಿ, ಬೇಟೆ ಹಕ್ಕಿಗಳು ಮತ್ತು ಬಯಲು ಪ್ರದೇಶದ ಹಕ್ಕಿಗಳು ಕಡಿಮೆಯಾಗ್ತಾ ಇವೆ ಅಂತ ಎಚ್ಚರಿಸಿದೆ. ನಮ್ಮ ಹೊಲಗಳು ಈ ಎರಡೂ ಗುಂಪಿನ ಹಕ್ಕಿಗಳ ಮನೆ.

ಇದರ ಬದುಕು

ಈ ಹದ್ದು ದಟ್ಟ ಕಾಡಿನ ಹಕ್ಕಿ ಅಲ್ಲ. ಬಯಲು, ಹುಲ್ಲುಗಾವಲು, ಬೇಸಾಯದ ಭೂಮಿ ಇದಕ್ಕೆ ಇಷ್ಟ. ಆಫ್ರಿಕಾ, ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾದಲ್ಲೆಲ್ಲ ಇದೆ. ಸ್ಪೇನ್, ಪೋರ್ಚುಗಲ್‌ನಂಥ ದೇಶಗಳಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೇಸಾಯದ ಬಯಲುಗಳ ಜೊತೆಗೇ ಇದೂ ಹರಡಿಕೊಂಡಿತು. ಅಂದರೆ ರೈತನ ಪಕ್ಕದಲ್ಲಿ ಬಾಳೋಕೆ ಒಗ್ಗಿಕೊಂಡ ಹಕ್ಕಿ ಇದು.

ಊಟ ಏನು? ಸುಂಡಿಲಿ, ಹೊಲದ ಇಲಿ, ಇಲಿಮರಿ, ಮಿಡತೆ, ಜೀರುಂಡೆ, ಓತಿಕ್ಯಾತ. ಮುಂಜಾನೆ, ಸಂಜೆ ಬೇಟೆ ಜಾಸ್ತಿ. ಎರಡು ವಿಧಾನ: ಒಂದು, ತಂತಿ ಅಥವಾ ಒಣ ಕೊಂಬೆ ಮೇಲೆ ಕೂತು ಕಾಯೋದು. ಎರಡು, ಗಾಳಿಯಲ್ಲಿ ನಿಂತು ಹುಡುಕೋದು. ಗಾಳಿಯಲ್ಲಿ ನಿಲ್ಲೋಕೆ ಬಹಳ ಶಕ್ತಿ ಬೇಕು. ಹತ್ತಿರದಲ್ಲಿ ಕೂರೋಕೆ ಜಾಗ ಇದ್ದರೆ ಕಡಿಮೆ ಶ್ರಮದಲ್ಲಿ ಹೆಚ್ಚು ಹೊತ್ತು ಕಾಯುತ್ತದೆ. ಈ ಒಂದು ವಿಷಯ ನೆನಪಿಡಿ, ಮುಂದೆ ಕವಲುಕೋಲಿನ ಬಗ್ಗೆ ಹೇಳುವಾಗ ಬೇಕಾಗುತ್ತದೆ.

ಗೂಡು ಕಟ್ಟೋದು ಬದುವಿನ ಜಾಲಿಯಂಥ ಮಧ್ಯಮ ಎತ್ತರದ ಮರದಲ್ಲಿ. ಸಣ್ಣ ಕಡ್ಡಿಗಳ ಸಡಿಲ ತಟ್ಟೆ, ಅಷ್ಟೇ. ನಮ್ಮ ದೇಶದಲ್ಲಿ ಏಪ್ರಿಲ್-ಮೇ ಬಿಟ್ಟು ವರ್ಷದ ಉಳಿದ ತಿಂಗಳುಗಳಲ್ಲೆಲ್ಲ ಮರಿ ಮಾಡಿದ್ದು ಕಂಡುಬಂದಿದೆ. ಮೊಟ್ಟೆ 3 ಅಥವಾ 4. ಕಾವು ಕೊಡೋದರಲ್ಲಿ ಎರಡೂ ಪಾಲು ತಗೊಳ್ಳುತ್ತವೆ. ಮರಿ ಹೊರಬಂದ ಮೇಲೆ ಬೇಟೆಯ ಹೊರೆ ಹೆಚ್ಚಾಗಿ ಗಂಡಿನದು. ಹಾರೋಕೆ ಕಲಿತ ಮೇಲೂ ಮರಿಗಳು ಎರಡು ತಿಂಗಳಿಗಿಂತ ಹೆಚ್ಚು ಕಾಲ ಅಪ್ಪನ ಹಿಂದೆಯೇ ಸುತ್ತುತ್ತವೆ. ಅಪ್ಪ ಇಲಿ ತಂದು ಮೊದಮೊದಲು ಕೊಂಬೆ ಮೇಲೆ ಕೊಡುತ್ತಾನೆ, ಆಮೇಲೆ ಹಾರುತ್ತಲೇ ಗಾಳಿಯಲ್ಲಿ ದಾಟಿಸುತ್ತಾನೆ. ಹಾಗಾಗಿ ಈ ಸಮಯದಲ್ಲಿ ಒಂದು ಗಂಡು ಹಕ್ಕಿ ವಿಷ ತಿಂದು ಸತ್ತರೆ ಲೆಕ್ಕ ಒಂದಕ್ಕೇ ಮುಗಿಯಲ್ಲ. ಮರಿಗಳೂ ಹೋದ ಹಾಗೆ.

ಇಲಿ ಲೆಕ್ಕ: ಎಷ್ಟು ನಂಬಬಹುದು?

‘ಹದ್ದು ಬಂದರೆ ಇಲಿ ಕಾಟ ಮುಗೀತು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕ ಹಾಕಿ ನೋಡೋಣ.

ಈ ಗಾತ್ರದ ಬೇಟೆ ಹಕ್ಕಿಗೆ ದಿನಕ್ಕೆ ತನ್ನ ತೂಕದ ಸುಮಾರು ಕಾಲುಭಾಗ ಆಹಾರ ಬೇಕು ಅಂತ ಇಟ್ಟುಕೊಳ್ಳಿ. 250 ಗ್ರಾಂ ಹಕ್ಕಿಗೆ 60 ಗ್ರಾಂ ಹತ್ತಿರ ಆಯಿತು. ಹೊಲದ ಸುಂಡಿಲಿ ಒಂದು 10ರಿಂದ 15 ಗ್ರಾಂ ತೂಗುತ್ತದೆ. ಬರೀ ಸುಂಡಿಲಿಯನ್ನೇ ತಿಂದರೆ ದಿನಕ್ಕೆ ನಾಲ್ಕೈದು. ಜೋಡಿ ಹಕ್ಕಿ, ಮೂರು ಮರಿ ಇದ್ದರೆ ಬೇಡಿಕೆ ಇನ್ನೂ ಹೆಚ್ಚು. ಇದು ಕಡಿಮೆ ಕೆಲಸ ಅಲ್ಲ.

ಆದರೆ ಭತ್ತ, ಕಬ್ಬಿನಲ್ಲಿ ಹೆಚ್ಚು ನಷ್ಟ ಮಾಡುವ ಹೆಗ್ಗಣ ಜಾತಿಯ ದೊಡ್ಡ ಇಲಿ ಬೆಳೆದಾಗ ಈ ಹದ್ದಿನಷ್ಟೇ ತೂಕ ಇರುತ್ತದೆ. ಅದನ್ನು ಎತ್ತೋಕೆ ಇದಕ್ಕೆ ಆಗಲ್ಲ. ಅದರ ಮರಿಗಳು ಸಿಕ್ಕರೆ ಹಿಡಿದೀತು. ಜೊತೆಗೆ ಹೆಗ್ಗಣ ರಾತ್ರಿ ಓಡಾಡುವ ಪ್ರಾಣಿ, ಈ ಹದ್ದು ಹಗಲಿನ ಹಕ್ಕಿ. ಇಲಿಗಳ ಸಂತಾನವೂ ಬೇಗ ಬೇಗ ಬೆಳೆಯುತ್ತದೆ, ಗರ್ಭ ಮೂರು ವಾರದ್ದು ಮಾತ್ರ. ಹಾಗಾಗಿ ಹದ್ದು ಒಂದೇ ಎಲ್ಲ ಕೆಲಸ ಮಾಡಲ್ಲ. ಕೆಲಸ ಹೀಗೆ ಹಂಚಿಕೊಳ್ಳಬೇಕು:

ಹಗಲು ಸುಂಡಿಲಿ, ಇಲಿಮರಿ, ಮಿಡತೆಗೆ ಕಪ್ಪುರೆಕ್ಕೆ ಹದ್ದು. ರಾತ್ರಿ ಇಲಿಗೆ ಕಣಜ ಗೂಬೆ ಮತ್ತು ಹಾಲಕ್ಕಿ ಗೂಬೆ. ಬೆಳೆದ ಹೆಗ್ಗಣಕ್ಕೆ ನಾವೇ: ಬದು ಸಣ್ಣದು ಮಾಡೋದು, ನಾಟಿಗೆ ಮುಂಚೆ ಬಿಲ ಒಡೆಯೋದು, ಬೋನು ಇಡೋದು, ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಸೇರಿ ಮಾಡೋದು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಒಬ್ಬರೇ ಒದ್ದಾಡಿದರೆ ಪಕ್ಕದ ಹೊಲದ ಇಲಿ ನಾಳೆ ನಿಮ್ಮಲ್ಲಿಗೇ ಬರುತ್ತದೆ.

ವಿಷದ ತುಂಡು ಎಲ್ಲಿಗೆ ಹೋಗುತ್ತದೆ?

ಮುಖ್ಯ ವಿಷಯ ಇದು. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ಇಲಿಯ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಇಲಿ ತಕ್ಷಣ ಸಾಯಲ್ಲ, ಹಲವು ದಿನ ಬೇಕು. ಅಷ್ಟು ದಿನವೂ ಅದು ವಿಷ ತಿನ್ನುತ್ತಲೇ ಇರುತ್ತದೆ, ವಿಷ ಯಕೃತ್ತಿನಲ್ಲಿ ಸೇರುತ್ತಾ ಹೋಗುತ್ತದೆ. ಕೊನೆಗೆ ನಿತ್ರಾಣಗೊಂಡು ಹಗಲು ಹೊತ್ತಿನಲ್ಲೇ ಬಯಲಿಗೆ ಬಂದು ತಡವರಿಸುತ್ತದೆ. ಗಾಳಿಯಲ್ಲಿ ನಿಂತು ಹುಡುಕುವ ಹದ್ದಿಗೆ ಅದಕ್ಕಿಂತ ಸುಲಭದ ಬೇಟೆ ಯಾವುದು? ತಿಂದ ಹದ್ದಿನ ರಕ್ತದ ಮೇಲೂ ಅದೇ ವಿಷ ಕೆಲಸ ಮಾಡುತ್ತದೆ. ಗೂಬೆಗೂ ಅಷ್ಟೇ, ಹೊಲದ ಬೆಕ್ಕಿಗೂ ಅಷ್ಟೇ.

ಜಿಂಕ್ ಫಾಸ್ಫೈಡ್ ಬೇರೆ ಥರ. ಅದು ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲವಾಗಿ ಬೇಗ ಕೊಲ್ಲುತ್ತದೆ. ಇಲಿಯಿಂದ ಹದ್ದಿಗೆ ದಾಟುವ ಅಪಾಯ ಇದರಲ್ಲಿ ಕಡಿಮೆ. ಆದರೆ ವಿಷ ಕಲಸಿದ ಕಾಳನ್ನು ಬಯಲಲ್ಲಿ ಇಟ್ಟರೆ ನವಿಲು, ಪಾರಿವಾಳ, ಗೌಜಲಹಕ್ಕಿ, ಮನೆ ಕೋಳಿ ನೇರವಾಗಿ ತಿಂದು ಸಾಯುತ್ತವೆ.

ಕೀಟನಾಶಕವೂ ಇದೇ ದಾರಿ ಹಿಡಿಯುತ್ತದೆ. 1995-96ರಲ್ಲಿ ಅರ್ಜೆಂಟೀನಾದ ಬಯಲಿನಲ್ಲಿ ಮಿಡತೆ ಕೊಲ್ಲೋಕೆ ಮೊನೊಕ್ರೊಟೊಫಾಸ್ ಹೊಡೆದರು. ಆ ಮಿಡತೆ ತಿಂದು, ಉತ್ತರ ಅಮೆರಿಕದಿಂದ ವಲಸೆ ಬಂದಿದ್ದ ಸ್ವೈನ್ಸನ್ ಹಾಕ್ ಅನ್ನುವ ಬೇಟೆ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಮಿಡತೆ ತಿನ್ನಲು ಬಂದ ಹಕ್ಕಿಯನ್ನೇ ಮಿಡತೆ ಔಷಧಿ ಕೊಂದಿತು. ನಮ್ಮ ಕಪ್ಪುರೆಕ್ಕೆ ಹದ್ದಿನ ಊಟದಲ್ಲೂ ಮಿಡತೆ ಇದೆ ಅನ್ನೋದು ಮರೀಬೇಡಿ.

ಇದರಲ್ಲಿ ರೈತನಿಗೆ ಆಗುವ ನಷ್ಟ ಏನು? ವಿಷ ಇಟ್ಟ ವರ್ಷ ಇಲಿ ಇಳಿಯುತ್ತದೆ, ಜೊತೆಗೆ ಅದನ್ನು ತಿನ್ನುವವರೂ ಸಾಯುತ್ತಾರೆ. ಇಲಿ ಕೆಲವೇ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಕೆಲವೇ ಮರಿ ಮಾಡುವ ಹದ್ದು, ಗೂಬೆ ಅಷ್ಟು ಬೇಗ ತುಂಬಿಕೊಳ್ಳಲ್ಲ. ಆಗ ಮುಂದಿನ ಬೆಳೆಗೆ ಹೆಚ್ಚು ವಿಷ ಬೇಕಾಗುತ್ತದೆ.

ಸಾವಯವ ಪ್ರಮಾಣಪತ್ರಕ್ಕೆ ಹೋಗುವವರು ಹೊಲದಲ್ಲಿ ಇಂಥ ರಾಸಾಯನಿಕ ಇಲಿ ಪಾಷಾಣ ಬಳಸುವಂತಿಲ್ಲ. ಬೇರೆಯವರು, ಬೇರೆ ದಾರಿಯೇ ಇಲ್ಲ ಅನ್ನುವ ಪರಿಸ್ಥಿತಿಯಲ್ಲಿ ಬಳಸಿದರೂ ಇಷ್ಟಾದರೂ ಮಾಡಿ: ಬಯಲಲ್ಲಿ ಚೆಲ್ಲಬೇಡಿ, ಜೀವಂತ ಬಿಲದ ಒಳಗೆ ಇಟ್ಟು ಬಾಯಿ ಮುಚ್ಚಿ. ಇಟ್ಟ ಮರುದಿನದಿಂದ ಎರಡು ವಾರ ದಿನಾ ಬೆಳಿಗ್ಗೆ ಹೊಲ ಸುತ್ತಿ, ಸತ್ತ ಇಲಿಯನ್ನು ಕೈಗವಸು ಹಾಕಿಕೊಂಡು ಆರಿಸಿ ಆಳವಾಗಿ ಹೂಳಿ. ಉಳಿದ ವಿಷವನ್ನು ವಾಪಸ್ ತೆಗೆಯಿರಿ.

ಹದ್ದನ್ನು ಹೊಲಕ್ಕೆ ಕರೆಯುವ ಕ್ರಮ

ಕವಲುಕೋಲು: 10-12 ಅಡಿ ಬಿದಿರು, ತುದಿಗೆ ಒಂದೂವರೆ ಅಡಿಯ ಅಡ್ಡಕೋಲು, ಟಿ ಆಕಾರ. ಅಡ್ಡಕೋಲು ನುಣುಪಾಗಿರಬಾರದು, ಹೆಬ್ಬೆರಳಿಗಿಂತ ದಪ್ಪದ ಸಿಪ್ಪೆ ಇರುವ ಕಟ್ಟಿಗೆ ಒಳ್ಳೇದು. ಪೈರಿಗಿಂತ ಕೋಲು ಸಾಕಷ್ಟು ಎತ್ತರ ಇರಲೇಬೇಕು. ಹುಳ ತಿನ್ನುವ ಕಾಜಾಣ, ಗೊರವಂಕಕ್ಕೆ ಎಕರೆಗೆ ಹತ್ತಾರು ಕೋಲು ಬೇಕು. ಈ ಹದ್ದಿಗೆ ಅಷ್ಟು ಬೇಡ, ಬಿಲ ಜಾಸ್ತಿ ಇರುವ ಬದುವಿನ ಹತ್ತಿರ ಎರಡು ಮೂರು ಎತ್ತರದ ಕೋಲು ಸಾಕು. ಕರೆಂಟ್ ತಂತಿ ಕೆಳಗೆ ನೆಡಬೇಡಿ. ಜೋಳ, ಸಜ್ಜೆ, ಭತ್ತದಲ್ಲಿ ಹಾಲುಕಾಳು ಕಟ್ಟುವ ಹೊತ್ತಿಗೆ ಕೋಲು ಕಿತ್ತುಬಿಡಿ, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೆ ಅದೇ ಆಸನ ಆಗುತ್ತದೆ. ಕೊಯ್ಲಾದ ಮೇಲೆ ಮತ್ತೆ ನೆಡಿ. ಕೂಳೆ ಹೊಲದಲ್ಲಿ ಇಲಿ ಚೆನ್ನಾಗಿ ಕಾಣುತ್ತದೆ, ಹದ್ದಿನ ಸುಗ್ಗಿ ಆಗಲೇ.

ನೆಲ ಕಾಣಬೇಕು: ಎದೆಯೆತ್ತರದ ಕಬ್ಬು, ಮೆಕ್ಕೆಜೋಳದೊಳಗೆ ಈ ಹಕ್ಕಿ ಬೇಟೆಯಾಡಲ್ಲ. ಅಂಥ ಹೊಲದ ಸುತ್ತ ನಾಲ್ಕೈದು ಅಡಿ ಅಗಲಕ್ಕೆ ಹುಲ್ಲು ತಗ್ಗಿಸಿ ಕೊಯ್ದಿಡಿ. ಇಲಿ ಆ ಪಟ್ಟಿ ದಾಟುವಾಗ ಸಿಕ್ಕಿಬೀಳುತ್ತದೆ.

ಮರ ಉಳಿಸಿ: ಬದುವಿನ ಒಂದು ಜಾಲಿ ನೆರಳು ಕೊಡುತ್ತದೆ, ಒಂದೆರಡು ಸಾಲು ಇಳುವರಿ ಕಡಿಮೆ ಮಾಡುತ್ತದೆ, ಒಪ್ಪಿಕೊಳ್ಳೋಣ. ಆದರೂ ಹೊಲಕ್ಕೊಂದಾದರೂ ಇರಲಿ. ಕೊಂಬೆ ಸವರುವ ಮೊದಲು ಗೂಡಿದೆಯಾ ನೋಡಿ. ಗೂಡಿದ್ದರೆ ಮರಿ ಹಾರುವವರೆಗೆ ತಡೀರಿ. ಡ್ರೋನ್‌ನಲ್ಲಿ ಸಿಂಪಡಣೆ ಮಾಡಿಸುವವರು ಗೂಡಿನ ಮರದಿಂದ ದೂರ ಹಾರಿಸೋಕೆ ಹೇಳಿ. ರೀಲ್ಸ್‌ಗೋಸ್ಕರ ಗೂಡಿನ ಹತ್ತಿರ ಮರ ಹತ್ತಬೇಡಿ, ಗೂಡಿನ ಲೊಕೇಶನ್ ಹಂಚಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಈ ಹಕ್ಕಿಯನ್ನು ಹಿಡಿಯೋದು, ಕೊಲ್ಲೋದು, ಮೊಟ್ಟೆ ತೆಗೆಯೋದು ಅಪರಾಧ.

ಕೋಳಿಮರಿ ಇದ್ದವರಿಗೆ: ಮೊದಲ ಐದಾರು ವಾರ ಮರಿಗಳನ್ನು ಬಲೆ ಹೊದಿಸಿದ ಅಂಗಳದಲ್ಲಿ ಬಿಡಿ. ಶಿಕ್ರಾ ಆಗಲಿ, ಕರಿ ಹದ್ದಾಗಲಿ, ಕಾಗೆಯಾಗಲಿ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕವಣೆ ಹೊಡೆದು ಒಂದನ್ನು ಓಡಿಸಿದರೆ ನಾಳೆ ಇನ್ನೊಂದು ಬರುತ್ತದೆ.

ಕೆಲಸ ಆಗ್ತಿದೆಯಾ ಅಂತ ಅಳೆಯೋದು

ನಂಬಿಕೆ ಮೇಲೆ ಬೇಸಾಯ ಮಾಡೋದು ಬೇಡ, ಅಳತೆ ಮಾಡಿ. ಸಂಜೆ ಹೊಲದ ಎಲ್ಲ ಬಿಲಗಳ ಬಾಯಿಗೂ ಮಣ್ಣು ಮುಚ್ಚಿ. ಮರುದಿನ ಬೆಳಿಗ್ಗೆ ಎಷ್ಟು ತೆರೆದಿವೆ ಎಣಿಸಿ. ತೆರೆದವು ಮಾತ್ರ ಜೀವಂತ ಬಿಲ. ಆ ಸಂಖ್ಯೆಯನ್ನು ದಿನಾಂಕ ಸಮೇತ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಕೋಲು ನೆಟ್ಟು 15 ದಿನಕ್ಕೊಮ್ಮೆ ಮತ್ತೆ ಎಣಿಸಿ. ಕೋಲು ಇಲ್ಲದ ಪಕ್ಕದ ಹೊಲದಲ್ಲೂ ಒಪ್ಪಿಗೆ ಕೇಳಿ ಎಣಿಸಿದರೆ ಹೋಲಿಕೆ ಸಿಗುತ್ತದೆ.

ಕೋಲಿನ ಬುಡದಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ ಹಿಕ್ಕೆ ಕಂಡರೆ ಹಕ್ಕಿ ಕೂರ್ತಾ ಇದೆ ಅಂತ ಅರ್ಥ. ಜೊತೆಗೆ ಬೂದು ಬಣ್ಣದ ಸಣ್ಣ ಉಂಡೆ ಸಿಗಬಹುದು. ಅದು ಹಿಕ್ಕೆ ಅಲ್ಲ. ಜೀರ್ಣ ಆಗದ ಕೂದಲು, ಕೀಟದ ಚಿಪ್ಪನ್ನು ಹಕ್ಕಿ ಬಾಯಿಂದ ಉಗುಳಿದ್ದು. ಕಡ್ಡಿಯಿಂದ ಎತ್ತಿ ನೀರಿನಲ್ಲಿ ನೆನೆಸಿ ಬಿಡಿಸಿ ನೋಡಿ. ಕೂದಲು ಹೆಚ್ಚಿದ್ದರೆ ಇಲಿ ತಿಂದಿದೆ, ಹೊಳೆಯುವ ಚಿಪ್ಪು, ಕಾಲಿನ ಚೂರು ಇದ್ದರೆ ಮಿಡತೆ, ಜೀರುಂಡೆ. ಮೂಳೆ, ತಲೆಬುರುಡೆ ಇಡಿಯಾಗಿ ಸಿಕ್ಕರೆ ಅದು ರಾತ್ರಿ ಬಂದು ಕೂತ ಗೂಬೆಯದು. ಹದ್ದಿನ ಹೊಟ್ಟೆ ಮೂಳೆಯನ್ನು ಬಹುಪಾಲು ಕರಗಿಸುತ್ತದೆ, ಗೂಬೆಯದು ಅಷ್ಟು ಕರಗಿಸಲ್ಲ. ಹಗಲು, ರಾತ್ರಿ ಎರಡೂ ಪಾಳಿ ನಿಮ್ಮ ಹೊಲದಲ್ಲಿ ನಡೀತಾ ಇದೆಯಾ ಅನ್ನೋದು ಹೀಗೆ ಗೊತ್ತಾಗುತ್ತದೆ. ಕೈ ಸೋಪಿನಿಂದ ತೊಳೆಯೋದು ಮರೀಬೇಡಿ.

ಕೆಲವು ತಿಂಗಳು ಈ ಹಕ್ಕಿ ಕಾಣದೇ ಹೋಗಬಹುದು. ಇದು ಇಲಿ ಹೆಚ್ಚಿರುವ ಕಡೆಗೆ ಜಾಗ ಬದಲಾಯಿಸುವ ಹಕ್ಕಿ. ಇಲಿ ಕಡಿಮೆಯಾದ ಹೊಲ ಬಿಟ್ಟು ಹೋಗಿದೆ ಅಂದರೆ ಬೇಜಾರಿನ ಸುದ್ದಿ ಅಲ್ಲ. ಕೋಲು ಮತ್ತು ಮರ ಹಾಗೇ ಇರಲಿ, ಬಿಲ ಹೆಚ್ಚಾದರೆ ವಾಪಸ್ ಬರೋಕೆ ಅದಕ್ಕೆ ಕಾರಣ ಇರುತ್ತದೆ. ಆದರೆ ಬಿಲದ ಸಂಖ್ಯೆ ಏರ್ತಾ ಇದ್ದು ಹಕ್ಕಿಯೂ ಕಾಣದಿದ್ದರೆ, ಸುತ್ತಮುತ್ತ ಯಾರು ಯಾವ ವಿಷ ಇಡ್ತಿದ್ದಾರೆ ಅಂತ ವಿಚಾರಿಸಿ. ಜಗಳ ಬೇಡ, ನಿಮ್ಮ ಫೋನಿನಲ್ಲಿರುವ ಬಿಲದ ಲೆಕ್ಕ ತೋರಿಸಿ ಮಾತಾಡಿ.

ಈ ವಾರ ಮಾಡಬೇಕಾದ್ದು ಮೂರೇ ಕೆಲಸ. ಒಂದು ಸಂಜೆ ಬಿಲ ಮುಚ್ಚಿ ಎಣಿಸಿ. ಎರಡು ಕೋಲು ನೆಡಿ. ಭುಜ ಕಪ್ಪಿರುವ ಬಿಳಿ ಹದ್ದು ಕಂಡರೆ ಹತ್ತು ಸೆಕೆಂಡ್ ವಿಡಿಯೋ ತೆಗೆದು, ಮನೆಯಲ್ಲಿ ಕೋಳಿ ಕಾಯುವ ಅಜ್ಜಿಗೂ ತೋರಿಸಿ, ‘ಇದಕ್ಕೆ ಕಲ್ಲು ಹೊಡೀಬೇಡ ಅಜ್ಜಿ, ಇದು ನಮ್ಮ ಇಲಿ ಹಿಡಿಯೋದು’ ಅಂತ ಹೇಳಿ.